ಮುಕ್ತ ವ್ಯಾಪಾರ: ಲಾಭ ಯಾರಿಗೆ, ನಷ್ಟ ಯಾರ ತಲೆಗೆ?

2025ರ ಆಗಸ್ಟ್ ತಿಂಗಳಲ್ಲಿ ಅಮೇರಿಕವು ಭಾರತದ ಬಹುತೇಕ ಸರಕುಗಳ ಮೇಲೆ ಮೊದಲು ಶೇಕಡಾ 25ರಷ್ಟು ಸುಂಕ ಹೇರಿತು. ತಿಂಗಳು ಮುಗಿಯುವುದರೊಳಗೆ, ರಷ್ಯಾದಿಂದ ತೈಲ ಖರೀದಿಸುತ್ತಿರುವುದಕ್ಕೆ ದಂಡವೆಂಬಂತೆ ಇನ್ನೂ ಶೇಕಡಾ 25ನ್ನು ಸೇರಿಸಿ ಅದನ್ನು ಶೇಕಡಾ 50ಕ್ಕೆ ಮುಟ್ಟಿಸಿತು. ತಿರುಪ್ಪೂರಿನ ಸಿದ್ಧ ಉಡುಪು, ಆಂಧ್ರದ ಸೀಗಡಿ, ಸೂರತ್‌ನ ವಜ್ರ, ಬನಾರಸ್ ಬಳಿಯ ಭದೋಹಿಯ ರತ್ನಗಂಬಳಿ ಇವೆಲ್ಲದರ ವ್ಯಾಪಾರಿಗಳಿಗೆ ಏಕಕಾಲದಲ್ಲಿ ದಿಕ್ಕು ತೋಚದಾಯಿತು. ದಶಕಗಳ ಕಾಲ ಬಡ ರಾಷ್ಟ್ರಗಳಿಗೆ ಬಾಗಿಲು ತೆರೆಯಿರೆಂದು ಉಪದೇಶಿಸಿದ ರಾಷ್ಟ್ರವೇ ತನ್ನ ಬಾಗಿಲಿಗೆ ಅಗುಳಿ ಹಾಕಿಕೊಂಡದ್ದನ್ನು ಕಂಡು ಜಾಗತೀಕರಣದ ವಿರೋಧಿಗಳು ಒಳಗೊಳಗೇ ನಕ್ಕರು. ಅದರ ಬೆಂಬಲಿಗರು ಪ್ರಪಂಚವೇ ಹಿಂದಕ್ಕೆ ಚಲಿಸುತ್ತಿದೆಯೆಂದು ಮರುಗಿದರು. ಆದರೆ ನಗುವವರಾಗಲಿ ಮರುಗುವವರಾಗಲಿ ಕೇಳಬೇಕಾದ ಪ್ರಶ್ನೆಯನ್ನು ಕೇಳಲಿಲ್ಲ.

ಮುಕ್ತ ವ್ಯಾಪಾರದ ಕುರಿತಾದ ಚರ್ಚೆಯು ನಮ್ಮಲ್ಲಿ ಎರಡು ಘೋಷಣೆಗಳ ನಡುವೆ ಸಿಲುಕಿಕೊಂಡಿದೆ. ಗಡಿಗಳನ್ನು ತೆರೆದರೆ ಎಲ್ಲರೂ ಸಿರಿವಂತರಾಗುತ್ತಾರೆ ಎಂಬುದು ಒಂದು. ಗಡಿಗಳನ್ನು ತೆರೆದರೆ ಬಡವರು ನಿರ್ನಾಮವಾಗುತ್ತಾರೆ ಎಂಬುದು ಇನ್ನೊಂದು. ಎರಡರಲ್ಲೂ ಅರ್ಧ ಸತ್ಯವಿದೆ. ಗಡಿ ತೆರೆದಾಗ ದೇಶದೊಳಗೆ ಲಾಭ ಯಾರಿಗಾಗುತ್ತದೆ, ನಷ್ಟ ಯಾರ ತಲೆಗೆ ಬೀಳುತ್ತದೆ, ಲಾಭ ಪಡೆದವರು ನಷ್ಟ ಹೊತ್ತವರಿಗೆ ಏನನ್ನಾದರೂ ಕೊಡಲು ಬದ್ಧರೇ ಎಂಬುದು ನಿಜವಾದ ಪ್ರಶ್ನೆ. ಇದನ್ನು ಅರಿಯಲು ದೊಡ್ಡ ದೊಡ್ಡ ಅಂಕಿಅಂಶಗಳ ಅಗತ್ಯವಿಲ್ಲ. ನಾವು ಉಡುವ ಬಟ್ಟೆಯ ನೂಲಿನ ಎಳೆಯನ್ನು ಹಿಡಿದು ಹೊರಟರೆ ಸಾಕು.

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಲಿ. ದೂರ ದೇಶಗಳೊಂದಿಗಿನ ವ್ಯಾಪಾರವು ನಮಗೆ ಹೊಸತೇನಲ್ಲ, ಅದು ಪಾಶ್ಚಾತ್ಯರ ಆವಿಷ್ಕಾರವೂ ಅಲ್ಲ. 14ನೇ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂದ ಇಬ್ನ್ ಬತೂತಾ, ಪಾರಸ ಮತ್ತು ಯಮನ್‌ನ ವರ್ತಕರು ಮಂಗಳೂರಿನಲ್ಲಿ ಇಳಿಯುತ್ತಿದ್ದುದನ್ನೂ ಅಲ್ಲಿ ಕಾಳುಮೆಣಸು ಮತ್ತು ಶುಂಠಿ ಹೇರಳವಾಗಿದ್ದುದನ್ನೂ ದಾಖಲಿಸಿದ್ದಾನೆ. ಒಬ್ಬರಲ್ಲಿ ಹೆಚ್ಚಾಗಿರುವುದನ್ನು ಇನ್ನೊಬ್ಬರಿಗೆ ಕೊಟ್ಟು, ತಮ್ಮಲ್ಲಿಲ್ಲದ್ದನ್ನು ಪಡೆದುಕೊಳ್ಳುವುದು ಮನುಷ್ಯ ಸಹಜವಾದ ವ್ಯವಹಾರ. ಇದಕ್ಕೆ ಅರ್ಥಶಾಸ್ತ್ರದ ಚೌಕಟ್ಟು ನೀಡಿದವರು ಇಂಗ್ಲೆಂಡಿನ ಡೇವಿಡ್ ರಿಕಾರ್ಡೊ. ಪ್ರತಿಯೊಂದು ದೇಶವೂ ತನಗೆ ಹೋಲಿಕೆಯಲ್ಲಿ ಸುಲಭವಾದುದನ್ನು ಉತ್ಪಾದಿಸಿ ಉಳಿದುದನ್ನು ಕೊಂಡುಕೊಂಡರೆ ಎರಡೂ ಕಡೆಯವರಿಗೆ ಲಾಭವೆಂದು 1817ರಲ್ಲಿ ಅವರು ಇಂಗ್ಲೆಂಡಿನ ಬಟ್ಟೆ ಮತ್ತು ಪೋರ್ಚುಗಲ್‌ನ ದ್ರಾಕ್ಷಾರಸದ ಉದಾಹರಣೆಯೊಂದಿಗೆ ವಾದಿಸಿದರು. ತತ್ವವಾಗಿ ಇದನ್ನು ಅಲ್ಲಗಳೆಯುವುದು ಕಷ್ಟ.

ಆದರೆ ಈ ತತ್ವವನ್ನು ಬೋಧಿಸಿದ ದೇಶವು ತಾನು ಬೆಳೆಯುವಾಗ ಅದನ್ನು ಪಾಲಿಸಿತ್ತೇ? ಭಾರತದ ಹತ್ತಿ ಬಟ್ಟೆಗಳು ಇಂಗ್ಲೆಂಡಿನ ಮಾರುಕಟ್ಟೆಯನ್ನು ಆವರಿಸಿದಾಗ, ಅಲ್ಲಿನ ಸಂಸತ್ತು 1700ರಲ್ಲಿ ಅಚ್ಚು ಹಾಕಿದ ಬಟ್ಟೆಗಳ ಆಮದನ್ನು ನಿಷೇಧಿಸಿತು. 1721ರಲ್ಲಿ ಅಂತಹ ಹೆಚ್ಚಿನ ಹತ್ತಿ ಬಟ್ಟೆಗಳನ್ನು ಉಡುವುದನ್ನೇ ಕಾನೂನುಬಾಹಿರಗೊಳಿಸಿತು. ಆ ಗೋಡೆಯ ಮರೆಯಲ್ಲಿ ಅಲ್ಲಿನ ಗಿರಣಿಗಳು ಬಲಿತ ಮೇಲೆ ಮುಕ್ತ ವ್ಯಾಪಾರದ ಜಪ ಆರಂಭವಾಯಿತು. 1882ರಲ್ಲಿ ಬ್ರಿಟಿಷ್ ಸರಕಾರವು ಭಾರತಕ್ಕೆ ಬರುವ ಹತ್ತಿ ಬಟ್ಟೆಯ ಮೇಲಿನ ಸುಂಕವನ್ನು ತೆಗೆದುಹಾಕಿತು. ಕೆಲ ವರ್ಷಗಳ ಬಳಿಕ ಬೊಕ್ಕಸದ ಕೊರತೆಯಿಂದಾಗಿ ಆಮದು ಸುಂಕವನ್ನು ಮತ್ತೆ ವಿಧಿಸಬೇಕಾಗಿ ಬಂದಾಗ, ಮ್ಯಾಂಚೆಸ್ಟರ್‌ಗೆ ನೋವಾಗಬಾರದೆಂದು 1896ರಲ್ಲಿ ಭಾರತದ ಗಿರಣಿ ಬಟ್ಟೆಯ ಮೇಲೂ ಅಷ್ಟೇ, ಅಂದರೆ ಶೇಕಡಾ 3.5ರ ತೆರಿಗೆಯನ್ನು ಹಾಕಲಾಯಿತು. ಢಾಕಾದ ಮಸ್ಲಿನ್ ನೇಕಾರರ ಕಸುಬು ಅಳಿದುಹೋದುದರ ಹಿಂದೆ ಕೇವಲ ಯಂತ್ರಗಳ ವೇಗವಿರಲಿಲ್ಲ, ನಿಯಮ ಬರೆಯುವ ಕೈಯೂ ಇತ್ತು.

ಎರಡನೇ ಮಹಾಯುದ್ಧದ ಬಳಿಕ, 1947ರಲ್ಲಿ 23 ರಾಷ್ಟ್ರಗಳು ಸುಂಕ ಇಳಿಸುವ ಒಪ್ಪಂದಕ್ಕೆ ಬಂದವು. ಅವುಗಳಲ್ಲಿ ಭಾರತವೂ ಒಂದು. ಅದೇ ಮುಂದೆ 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಘಟನೆಯಾಯಿತು. ಈ ಮಧ್ಯೆ 1991ರಲ್ಲಿ ವಿದೇಶಿ ವಿನಿಮಯದ ಬಿಕ್ಕಟ್ಟಿಗೆ ಸಿಲುಕಿದ ಭಾರತವು ಉದಾರೀಕರಣದ ಹಾದಿ ಹಿಡಿಯಿತು. 2001ರ ಎಪ್ರಿಲ್ 1ರಂದು, ಆಮದಿನ ಮೇಲೆ ಉಳಿದಿದ್ದ ಪ್ರಮಾಣದ ಮಿತಿಗಳಲ್ಲಿ ಕೊನೆಯ 715 ಸರಕುಗಳ ಮಿತಿಯನ್ನೂ ತೆಗೆದುಹಾಕಿತು. ಅಂದಿನಿಂದ ದೇಶೀಯ ಕಸುಬುದಾರನ ಮತ್ತು ವಿದೇಶಿ ಸರಕಿನ ನಡುವೆ ಮುಖ್ಯವಾಗಿ ಉಳಿದದ್ದು ಸುಂಕವೊಂದೇ.

ಇದರಿಂದ ಒಳಿತಾಗಲಿಲ್ಲವೇ? ಖಂಡಿತ ಆಗಿದೆ, ಅದನ್ನು ನಿರಾಕರಿಸುವುದು ಅಪ್ರಾಮಾಣಿಕತೆ. ವಿಶ್ವಬ್ಯಾಂಕಿನ ಲೆಕ್ಕದಂತೆ 1990ರಲ್ಲಿ ಜಗತ್ತಿನ ಮೂರನೇ ಒಂದರಷ್ಟಕ್ಕಿಂತ ಹೆಚ್ಚು ಜನರು ಕಡು ಬಡತನದಲ್ಲಿದ್ದರು. 2019ರ ಹೊತ್ತಿಗೆ ಅದು ಹತ್ತರಲ್ಲಿ ಒಬ್ಬರಿಗಿಂತಲೂ ಕೆಳಗಿಳಿಯಿತು. ಇದರಲ್ಲಿ ಬಹುದೊಡ್ಡ ಪಾಲು ಚೀನಾ ಮತ್ತು ಭಾರತದ್ದು, ಮತ್ತು ರಫ್ತು ವ್ಯಾಪಾರವಿಲ್ಲದೆ ಚೀನಾದ ಈ ಬೆಳವಣಿಗೆಯನ್ನು ಊಹಿಸುವುದೂ ಸಾಧ್ಯವಿಲ್ಲ. ಉದಾರೀಕರಣದ ಮುಂಚಿನ ದಿನಗಳನ್ನು ಸ್ವರ್ಗವೆಂದು ಬಣ್ಣಿಸುವವರು, ಒಂದು ಸ್ಕೂಟರ್‌ಗಾಗಿ ಅಥವಾ ದೂರವಾಣಿ ಸಂಪರ್ಕಕ್ಕಾಗಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲವನ್ನು ಮರೆತಿದ್ದಾರೆ. ಅಂದು ಗೋಡೆಯೊಳಗೆ ಸುರಕ್ಷಿತವಾಗಿದ್ದವರು ಬಡ ಕಸುಬುದಾರರಲ್ಲ. ಪರವಾನಿಗೆ ಪಡೆದ ಬೆರಳೆಣಿಕೆಯ ಉದ್ಯಮಪತಿಗಳು. ಆದ್ದರಿಂದ ಗೋಡೆಯೇ ಪರಿಹಾರವೆಂಬ ಭ್ರಮೆಯೂ ನಮಗೆ ಬೇಡ.

ಹಾಗಿದ್ದರೆ ತೊಡಕು ಎಲ್ಲಿದೆ? ಅದಕ್ಕಾಗಿ ನಮ್ಮ ರಾಜ್ಯದ್ದೇ ಆದ ರೇಷ್ಮೆಯ ಕಡೆಗೆ ಬರೋಣ. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನರು ಬಂಗಾಳದಿಂದ ರೇಷ್ಮೆ ಹುಳುಗಳನ್ನು ತರಿಸಿ ಮೈಸೂರು ರಾಜ್ಯದಲ್ಲಿ ನೆಲೆಗೊಳಿಸಿದ ಈ ಕಸುಬು ಇಂದಿಗೂ ಲಕ್ಷಾಂತರ ಕುಟುಂಬಗಳ ಅನ್ನದ ಬಟ್ಟಲಾಗಿದೆ. ಹಿಪ್ಪುನೇರಳೆ ಬೆಳೆದು ಹುಳು ಸಾಕುವವರು ಹೆಚ್ಚಾಗಿ ಗ್ರಾಮೀಣ ರೈತರು. ಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆಯ ತುದಿ ಹುಡುಕಿ, ಹಲವು ಎಳೆಗಳನ್ನು ಕೂಡಿಸಿ ನೂಲು ತೆಗೆಯುವ ಬಿಚ್ಚಾಣಿಕೆಯ ಕೆಲಸದಲ್ಲಿ ರಾಮನಗರ, ಶಿಡ್ಲಘಟ್ಟದಂತಹ ಪಟ್ಟಣಗಳ ಮುಸ್ಲಿಮ್ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿವೆ. ಮಾರುಕಟ್ಟೆಯ ಹರಾಜಿನಲ್ಲಿ ಬೆಳಿಗ್ಗೆ ಗೂಡು ಕೊಳ್ಳುವ ರೀಲರ್, ಕೆಲವು ದಿನಗಳ ಬಳಿಕ ನೂಲು ಮಾರಿದಾಗ ಸಿಗುವ ಬೆಲೆಯನ್ನು ಊಹಿಸಿಕೊಂಡೇ ಕೂಗುತ್ತಾನೆ. ಈ ನಡುವೆ ನೂಲಿನ ಬೆಲೆ ಕುಸಿದರೆ ಅವನ ಬಂಡವಾಳವೇ ಕರಗಿಹೋಗುತ್ತದೆ. ಮರುದಿನ ಅವನು ಕಡಿಮೆ ಬೆಲೆಗೆ ಕೂಗುತ್ತಾನೆ, ಆಗ ರೈತ ಮುಳುಗುತ್ತಾನೆ.

ಜಗತ್ತಿನ ರೇಷ್ಮೆಯಲ್ಲಿ ಸಿಂಹಪಾಲು ಚೀನಾದ್ದು. ಅದರ ದ್ವಿತಳಿ ನೂಲು ಗಟ್ಟಿ ಮತ್ತು ಸಮ. ನಮ್ಮ ರೈತರು ಬಹುಕಾಲ ಬೆಳೆಯುತ್ತಾ ಬಂದ ಮಿಶ್ರತಳಿಯ ನೂಲು ವಿದ್ಯುತ್ ಮಗ್ಗದ ಹಾಸಿನ ಎಳೆತವನ್ನು ಅಷ್ಟಾಗಿ ತಾಳುವುದಿಲ್ಲ. ಆದ್ದರಿಂದ ನೇಕಾರರು ಚೀನಾದ ನೂಲನ್ನು ಬಯಸಿದರೆ ಅವರನ್ನು ದೂರುವಂತಿಲ್ಲ. ಚೀನಾದ ನೂಲು ನ್ಯಾಯವಲ್ಲದ ಅಗ್ಗದ ಬೆಲೆಗೆ ಬಂದು ಸುರಿಯುತ್ತಿದೆಯೆಂಬ ದೂರಿನ ಮೇರೆಗೆ ಭಾರತವು 2003ರಲ್ಲಿ ಅದರ ಮೇಲೆ ಡಂಪಿಂಗ್ ವಿರೋಧಿ ಸುಂಕ ವಿಧಿಸಿತು. ಆದರೆ 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ ಒಂದೇ ಏಟಿಗೆ ಶೇಕಡಾ 5ಕ್ಕೆ ಇಳಿಸಲಾಯಿತು. ಗೂಡಿನ ಬೆಲೆ ನೆಲಕಚ್ಚಿತು, ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಶೇಕಡಾ 15ಕ್ಕೆ ಏರಿಸಲಾಯಿತು, ಬಳಿಕ ಅದು 10ಕ್ಕೆ ಇಳಿಯಿತು, 2021ರ ಬಜೆಟ್‌ನಲ್ಲಿ ಮತ್ತೆ 15ಕ್ಕೆ ಏರಿತು. ದಿಲ್ಲಿಯ ಕಡತದಲ್ಲಿ ಇದು ಒಂದು ಅಂಕೆಯ ತಿದ್ದುಪಡಿ. ಸಾಲ ಮಾಡಿ ಗೂಡು ಕೊಂಡವನಿಗೆ ಮನೆ ಉಳಿಯುವ ಅಥವಾ ಅಳಿಯುವ ಪ್ರಶ್ನೆ.

ಇನ್ನು ಬನಾರಸ್‌ನ ಕಡೆಗೆ ನೋಡಿ. ಅಲ್ಲಿನ ನೇಕಾರರಲ್ಲಿಯೂ ಮುಸ್ಲಿಮರೇ ಬಹುಸಂಖ್ಯಾತರು. ನೂಲು ಅಗ್ಗವಾದರೆ ಅವರಿಗೆ ಸಂತೋಷ. ಅಂದರೆ ರಾಮನಗರದ ಮನೆಯಲ್ಲಿ ಒಲೆ ಆರಿಸುವ ಅದೇ ಆದೇಶವು ಬನಾರಸ್‌ನ ಮನೆಯಲ್ಲಿ ಮಗ್ಗ ನಡೆಸುತ್ತದೆ. ಆದರೆ ಆ ಸಂತೋಷಕ್ಕೂ ಆಯುಷ್ಯವಿರಲಿಲ್ಲ. 2001ರಲ್ಲಿ ಮಿತಿಗಳು ತೆರವಾದ ಮೇಲೆ ಚೀನಾದಿಂದ ನೂಲಷ್ಟೇ ಬರಲಿಲ್ಲ, ಯಂತ್ರದಲ್ಲಿ ನೇಯ್ದ ಬನಾರಸಿ ವಿನ್ಯಾಸದ ಬಟ್ಟೆಯೂ ಬಂತು. ಒಬ್ಬ ನೇಕಾರ ವಾರಗಟ್ಟಲೆ ಕೂತು ನೇಯುವ ಸೀರೆಯ ನಕಲು ಅದರ ಒಂದು ಭಾಗದ ಬೆಲೆಗೆ ಅಂಗಡಿಯಲ್ಲಿ ತೂಗಿತು. 2009ರಲ್ಲಿ ಬನಾರಸಿ ಜರತಾರಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆದರೆ ಆ ಮಾನ್ಯತೆಯು ಹೆಸರನ್ನು ಕಾಯಬಲ್ಲುದೇ ಹೊರತು, ಅಗ್ಗದ ನಕಲನ್ನು ಕೊಳ್ಳುವ ಗ್ರಾಹಕನ ಕೈಯನ್ನು ತಡೆಯಲಾರದು. ಹೀಗೆ ಒಂದೇ ನೀತಿಯು ಒಬ್ಬನೇ ಮನುಷ್ಯನಿಗೆ ಬಲಗೈಯಿಂದ ಕೊಟ್ಟು ಎಡಗೈಯಿಂದ ಕಸಿದುಕೊಳ್ಳುತ್ತದೆ. ಮುಕ್ತ ವ್ಯಾಪಾರ ಮುಸ್ಲಿಮರಿಗೆ ಒಳ್ಳೆಯದೇ ಕೆಟ್ಟದೇ ಎಂದು ಕೇಳುವವರಿಗೆ ಈ ಎರಡು ಪಟ್ಟಣಗಳೇ ಉತ್ತರ. ಸಮುದಾಯದ ಹೆಸರಲ್ಲಿ ಒಂದೇ ಉತ್ತರವಿಲ್ಲ. ಕಸುಬಿಗನುಸಾರ ಉತ್ತರ ಬದಲಾಗುತ್ತದೆ.

ಹಾಗೆಂದು ಸುಂಕದ ಗೋಡೆಯನ್ನು ಶಾಶ್ವತವಾಗಿ ಎತ್ತರಿಸಿದರೆ ಸಾಕೇ? ಗೋಡೆಯೊಳಗೆ ಏನು ನಡೆಯುತ್ತಿತ್ತು ಎಂಬುದನ್ನೂ ನಾವು ನೋಡಬೇಕು. ಮಾನವ ಹಕ್ಕು ಸಂಘಟನೆಯಾದ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ಪ್ರಕಟಿಸಿದ ವರದಿಯು ಕರ್ನಾಟಕ, ಉತ್ತರ ಪ್ರದೇಶ ಮತ್ತು ತಮಿಳುನಾಡಿನ ರೇಷ್ಮೆ ಉದ್ಯಮದಲ್ಲಿ ಸಾಲಕ್ಕೆ ಒತ್ತೆಯಾಗಿ ದುಡಿಯುತ್ತಿದ್ದ ಮಕ್ಕಳ ಸ್ಥಿತಿಯನ್ನು ಬಿಚ್ಚಿಟ್ಟಿತ್ತು. ಕುದಿಯುವ ನೀರಿನಲ್ಲಿ ಅದ್ದಿ ಅದ್ದಿ ಹುಣ್ಣಾದ ಎಳೆಯ ಕೈಗಳು ಚೀನಾದಿಂದ ಬಂದ ಸಮಸ್ಯೆಯಲ್ಲ. ಅದು ನಮ್ಮದೇ ಗಲ್ಲಿಗಳ ಸಮಸ್ಯೆಯಾಗಿತ್ತು. ಆ ಮಕ್ಕಳನ್ನು ದುಡಿಸಿಕೊಂಡವರಲ್ಲಿ ನಮ್ಮವರೂ ಇದ್ದರೆಂಬುದು ಕಹಿಯಾದರೂ ಹೇಳಲೇಬೇಕಾದ ಮಾತು. ವಿದೇಶಿ ಸರಕಿನಿಂದ ರಕ್ಷಣೆ ಕೇಳುವ ಉದ್ಯಮವು ತನ್ನ ಕೆಲಸಗಾರರಿಗೆ ರಕ್ಷಣೆ ನೀಡದಿದ್ದರೆ ಅದರ ಬೇಡಿಕೆಗೆ ನೈತಿಕ ಬಲವೆಲ್ಲಿಂದ ಬರಬೇಕು?

ಗೋಡೆಯನ್ನು ಸರಿಯಾಗಿ ಬಳಸಿಕೊಂಡಾಗ ಆಗುವ ಲಾಭಕ್ಕೂ ಇದೇ ಉದ್ಯಮ ಸಾಕ್ಷಿಯಾಗಿದೆ. 1991ರಿಂದ ಜಪಾನಿನ ತಾಂತ್ರಿಕ ನೆರವಿನೊಂದಿಗೆ ದ್ವಿತಳಿ ಬೆಳೆಯನ್ನು ಹರಡುವ ಪ್ರಯತ್ನ ನಡೆಯಿತು. ಆ ಬಳಿಕ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರಗಳಿಗೆ ಸರಕಾರದ ಸಹಾಯಧನವೂ ದೊರೆಯಿತು. 2000ದ ದಶಕದ ಆರಂಭದಲ್ಲಿ ದೇಶದ ಎಲ್ಲ ಬಗೆಯ ಕಚ್ಚಾ ರೇಷ್ಮೆಯ ಉತ್ಪಾದನೆ ಸುಮಾರು 16 ಸಾವಿರ ಟನ್ ಇತ್ತು. 2022-23ರಲ್ಲಿ ಅದು 36 ಸಾವಿರ ಟನ್ ದಾಟಿತು, ಆಮದಿನ ಪ್ರಮಾಣ ಗಣನೀಯವಾಗಿ ತಗ್ಗಿತು. ಮಿತವಾದ ಸುಂಕ, ಅದು ದೊರಕಿಸಿದ ಕಾಲಾವಕಾಶ, ಆ ಅವಕಾಶದಲ್ಲಿ ಕಲಿತ ಹೊಸ ವಿದ್ಯೆ ಈ ಮೂರೂ ಕೂಡಿದಾಗ ಮಾತ್ರ ಇಂತಹ ಫಲ ಸಿಗುತ್ತದೆ. ಬರಿಯ ಸುಂಕ ಸೋಮಾರಿತನವನ್ನು ಬೆಳೆಸುತ್ತದೆ, ಬರಿಯ ಸ್ಪರ್ಧೆ ದುರ್ಬಲನನ್ನು ಕೊಲ್ಲುತ್ತದೆ.

ಅದೇ ನೂಲಿನ ಎಳೆ ಹಿಡಿದು ನೆರೆಯ ಬಾಂಗ್ಲಾದೇಶಕ್ಕೆ ಹೋದರೆ ಇನ್ನೊಂದು ಪಾಠವಿದೆ. ಯಾವ ದೇಶ ಎಷ್ಟು ಉಡುಪು ಕಳಿಸಬಹುದೆಂದು ಶ್ರೀಮಂತ ರಾಷ್ಟ್ರಗಳು ನಿಗದಿಪಡಿಸುತ್ತಿದ್ದ ಕೋಟಾ ಪದ್ಧತಿ 2005ರ ಜನವರಿ 1ರಂದು ಕೊನೆಗೊಂಡಿತು. ಚೀನಾದ ಎದುರು ಬಾಂಗ್ಲಾದೇಶ ಉಳಿಯದೆಂದು ಅನೇಕರು ಭವಿಷ್ಯ ನುಡಿದಿದ್ದರು. ಆದದ್ದು ಅದಕ್ಕೆ ವಿರುದ್ಧ. ಉಡುಪು ರಫ್ತು ಬೆಳೆದು ಆ ದೇಶದ ಒಟ್ಟು ರಫ್ತಿನ ಐದರಲ್ಲಿ ನಾಲ್ಕು ಪಾಲನ್ನು ಆವರಿಸಿತು. ಲಕ್ಷಗಟ್ಟಲೆ ಹಳ್ಳಿಯ ಹೆಣ್ಣುಮಕ್ಕಳು ಮೊದಲ ಬಾರಿಗೆ ಸ್ವಂತ ಸಂಬಳವನ್ನು ಕೈಯಲ್ಲಿ ಹಿಡಿದರು. ಆದರೆ 2013ರ ಎಪ್ರಿಲ್ 24ರಂದು ಢಾಕಾದ ಹೊರವಲಯದ ಸಾವರ್‌ನಲ್ಲಿ ರಾಣಾ ಪ್ಲಾಝಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನರು ಮಡಿದರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿದ್ದರೂ ಕೆಲಸಗಾರರನ್ನು ಒಳಗೆ ಕಳುಹಿಸಲಾಗಿತ್ತು. ಈ ದುರಂತದ ಬಳಿಕವೇ ವಿದೇಶಿ ಉಡುಪು ಕಂಪೆನಿಗಳು ಮತ್ತು ಕಾರ್ಮಿಕ ಸಂಘಗಳ ನಡುವೆ ಕಾನೂನಾತ್ಮಕವಾಗಿ ಬದ್ಧವಾದ ಸುರಕ್ಷತಾ ಒಪ್ಪಂದವಾಯಿತು, ಕಾರ್ಖಾನೆಗಳ ತಪಾಸಣೆ ಆರಂಭವಾಯಿತು. ವ್ಯಾಪಾರವು ಉದ್ಯೋಗ ತಂದಿತು, ಆದರೆ ಜೀವ ಉಳಿಸುವ ನಿಯಮವನ್ನು ಅದು ತಾನಾಗಿ ತರಲಿಲ್ಲ. ಅದಕ್ಕೆ ಸಾವಿರ ಹೆಣಗಳು ಬೀಳಬೇಕಾಯಿತು.

ಮೂರನೆಯ ಪಾಠ ಪಶ್ಚಿಮ ಆಫ್ರಿಕಾದ ಹತ್ತಿ ಹೊಲಗಳದ್ದು. ಬೆನಿನ್, ಬುರ್ಕಿನಾ ಫಾಸೊ, ಚಾಡ್ ಮತ್ತು ಮಾಲಿ ಜಗತ್ತಿನ ಅತ್ಯಂತ ಬಡ ದೇಶಗಳ ಸಾಲಿಗೆ ಸೇರುತ್ತವೆ. ಕಡಿಮೆ ಖರ್ಚಿನಲ್ಲಿ ಉತ್ತಮ ಹತ್ತಿ ಬೆಳೆಯುವ ಸಾಮರ್ಥ್ಯ ಅವುಗಳಿಗಿದೆ. ರಿಕಾರ್ಡೊ ಅವರ ಸಿದ್ಧಾಂತದ ಪ್ರಕಾರ ಜಗತ್ತು ಅವರ ಹತ್ತಿಯನ್ನೇ ಕೊಳ್ಳಬೇಕಿತ್ತು. ಆದರೆ ಅಮೇರಿಕವು ತನ್ನ ಹತ್ತಿ ಬೆಳೆಗಾರರಿಗೆ ಅಪಾರ ಸಹಾಯಧನ ನೀಡಿ ಜಾಗತಿಕ ಬೆಲೆಯನ್ನು ಕೆಳಗಿಳಿಸಿತು. 2003ರಲ್ಲಿ ಈ ನಾಲ್ಕು ದೇಶಗಳು ವಿಶ್ವ ವ್ಯಾಪಾರ ಸಂಘಟನೆಯ ಕಾನ್ಕುನ್ ಸಮ್ಮೇಳನದಲ್ಲಿ ಭಿಕ್ಷೆಯನ್ನಲ್ಲ, ನಿಯಮ ಪಾಲನೆಯನ್ನು ಕೇಳಿದವು. ಅಲ್ಲಿ ಪರಿಹಾರ ದೊರೆಯಲಿಲ್ಲ. ಇದೇ ಸಹಾಯಧನದ ವಿರುದ್ಧ ಬ್ರೆಝಿಲ್ ಮೊಕದ್ದಮೆ ಹೂಡಿ ಗೆದ್ದಿತು. ಕೊನೆಗೆ 2014ರಲ್ಲಿ ಅಮೇರಿಕವು ಬ್ರೆಝಿಲ್‌ಗೆ 30 ಕೋಟಿ ಡಾಲರ್ ಕೊಟ್ಟು ವಿವಾದವನ್ನು ಮುಗಿಸಿಕೊಂಡಿತು. ಮೊಕದ್ದಮೆ ನಡೆಸುವ, ಪ್ರತೀಕಾರದ ಸುಂಕದ ಬೆದರಿಕೆಯೊಡ್ಡುವ ಶಕ್ತಿಯಿದ್ದವನಿಗೆ ಹಣ ಸಿಕ್ಕಿತು. ಮಾಲಿಯ ರೈತನಿಗೆ ಅದರಲ್ಲಿ ಕವಡೆಯೂ ಸಿಗಲಿಲ್ಲ.

ಇಷ್ಟಾದರೂ ಆ ಸಂಘಟನೆಯ ನ್ಯಾಯ ಮಂಡಳಿಯು ದುರ್ಬಲರಿಗೆ ಒಂದು ಆಸರೆಯಾಗಿತ್ತು. ಸದಸ್ಯರ ನೇಮಕಾತಿಗೆ ಅಮೇರಿಕವು ಅಡ್ಡಗಾಲು ಹಾಕಿದ್ದರಿಂದ 2019ರ ಡಿಸೆಂಬರ್‌ನಲ್ಲಿ ಅದರ ಮೇಲ್ಮನವಿ ಪೀಠ ಸ್ಥಗಿತಗೊಂಡಿತು. ತೀರ್ಪು ಇಷ್ಟವಾಗದವನು ಮೇಲ್ಮನವಿ ಸಲ್ಲಿಸಿ, ಕೇಳುವವರಿಲ್ಲದ ಆ ಪೀಠದ ಮುಂದೆ ಪ್ರಕರಣವನ್ನು ಕೊಳೆಹಾಕಬಹುದು. 2025ರ ಸುಂಕದ ದಾಳಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅದು ಮುಕ್ತ ವ್ಯಾಪಾರದ ಸೋಲಲ್ಲ, ನಿಯಮದ ಸೋಲು. ನಿಯಮವಿಲ್ಲದ ಮಾರುಕಟ್ಟೆಯಲ್ಲಿ ಮೊದಲು ಪೆಟ್ಟು ತಿನ್ನುವವನು ಭದೋಹಿಯ ಗಂಬಳಿ ನೇಕಾರನೇ ಹೊರತು ವಾಷಿಂಗ್ಟನ್‌ನ ಅಧಿಕಾರಿಯಲ್ಲ. ಗೋಡೆಗಳು ಏಳಲಿ ಎಂದು ಹಾರೈಸುವವರು ಇದನ್ನು ಗಮನಿಸಬೇಕು.

ಈ ಎಲ್ಲದರಿಂದ ಹೊರಡುವ ತಾತ್ಪರ್ಯವೇನು? ವ್ಯಾಪಾರದ ಲಾಭವು ಕೋಟ್ಯಂತರ ಗ್ರಾಹಕರ ನಡುವೆ ಹನಿಹನಿಯಾಗಿ ಹಂಚಿಹೋಗುತ್ತದೆ. ಸೀರೆಯೊಂದು ನೂರು ರೂಪಾಯಿ ಅಗ್ಗವಾದುದನ್ನು ಕೊಂಡವರು ಮರುದಿನವೇ ಮರೆಯುತ್ತಾರೆ. ನಷ್ಟವಾದರೋ ಕೆಲವೇ ಪಟ್ಟಣಗಳ ಕೆಲವೇ ಗಲ್ಲಿಗಳ ಮೇಲೆ ಬಂಡೆಯಂತೆ ಬೀಳುತ್ತದೆ. ಒಟ್ಟು ಲೆಕ್ಕದಲ್ಲಿ ದೇಶಕ್ಕೆ ಲಾಭವಾಯಿತೆಂದು ಅರ್ಥಶಾಸ್ತ್ರಜ್ಞರು ಹೇಳುವುದು ಸುಳ್ಳಲ್ಲದಿರಬಹುದು. ಆದರೆ ಆ ಲಾಭದ ಒಂದು ಅಂಶವನ್ನಾದರೂ ಬಂಡೆಯಡಿ ಸಿಲುಕಿದವನಿಗೆ ತಲುಪಿಸದಿದ್ದರೆ ಅದನ್ನು ನ್ಯಾಯವೆಂದು ಕರೆಯಲಾಗದು. ಸ್ವತಃ ಅಮೇರಿಕವೇ 1962ರಲ್ಲಿ ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ನೆರವು ಮತ್ತು ಮರುತರಬೇತಿ ನೀಡುವ ಕಾನೂನು ಮಾಡಿತ್ತು. 2022ರ ಜುಲೈಯಲ್ಲಿ ಅದರ ಅವಧಿ ಮುಗಿಯುವವರೆಗೂ ಆ ವ್ಯವಸ್ಥೆ ಯಾವುದಾದರೊಂದು ರೂಪದಲ್ಲಿ ನಡೆಯಿತು. ನಮ್ಮಲ್ಲಿ ಅಂತಹ ಕಾನೂನಿನ ಚರ್ಚೆಯೂ ನಡೆದಂತಿಲ್ಲ.

ಆದ್ದರಿಂದ ನಮ್ಮ ಜನಪ್ರತಿನಿಧಿಗಳಲ್ಲಿ ನಾವು ಕೇಳಬೇಕಾದುದು ಇಷ್ಟು. ಕಸುಬುದಾರರ ಬದುಕನ್ನು ಮುಟ್ಟುವ ಸುಂಕವನ್ನು ರಾತೋರಾತ್ರಿ ಬದಲಿಸಬಾರದು. ಇಳಿಸುವುದೇ ಆದರೆ ಹಲವು ವರ್ಷಗಳ ವೇಳಾಪಟ್ಟಿಯನ್ನು ಮುಂಚಿತವಾಗಿ ಪ್ರಕಟಿಸಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಆಮದು ಸುಂಕದಿಂದ ಬರುವ ಆದಾಯದ ಒಂದು ಪಾಲನ್ನು ಅದೇ ಉದ್ಯಮದ ಯಂತ್ರ, ತರಬೇತಿ ಮತ್ತು ಕಾರ್ಮಿಕರ ಮಕ್ಕಳ ಶಿಕ್ಷಣಕ್ಕೆ ಮೀಸಲಿಡಬೇಕು. ನಮ್ಮ ದೇಶದಲ್ಲಿ ವ್ಯಾಪಾರ ಒಪ್ಪಂದಗಳಿಗೆ ಸಹಿ ಹಾಕಲು ಸಂಸತ್ತಿನ ಪೂರ್ವಾನುಮೋದನೆ ಕಡ್ಡಾಯವಲ್ಲ. 2019ರ ನವೆಂಬರ್‌ನಲ್ಲಿ ಏಷ್ಯಾದ ಬೃಹತ್ ವ್ಯಾಪಾರ ಒಪ್ಪಂದದಿಂದ ಭಾರತ ಹಿಂದೆ ಸರಿದುದಾಗಲಿ, 2025ರ ಜುಲೈಯಲ್ಲಿ ಬ್ರಿಟನ್ ಜೊತೆಗಿನ ಒಪ್ಪಂದಕ್ಕೆ ಸಹಿ ಹಾಕಿದುದಾಗಲಿ ಸಂಸತ್ತಿನ ಮತದಿಂದ ತೀರ್ಮಾನವಾದುದಲ್ಲ. ಇವೆರಡೂ ಸರಿಯೇ ಇರಬಹುದು. ಆದರೆ ಹಾಲು ಮಾರುವವರ, ನೂಲು ಬಿಚ್ಚುವವರ, ಮಗ್ಗದಲ್ಲಿ ಕೂರುವವರ ಮಾತನ್ನು ಸಹಿಗೆ ಮುಂಚೆ ಕೇಳುವ ಪದ್ಧತಿಯಾದರೂ ಬೇಡವೇ?

ಹಾಗೆಯೇ ಸಮುದಾಯದ ಮೇಲೂ ಒಂದು ಹೊಣೆಯಿದೆ. ಬಜೆಟ್‌ನ ದಿನ ನಮ್ಮ ಗಮನವೆಲ್ಲ ಅಲ್ಪಸಂಖ್ಯಾತರ ಯೋಜನೆಗಳಿಗೆ ಎಷ್ಟು ಕೋಟಿ ಬಂತೆಂಬುದರ ಮೇಲಿರುತ್ತದೆ. ಅದೇ ಬಜೆಟ್‌ನ ಸುಂಕದ ಪಟ್ಟಿಯಲ್ಲಿನ ಒಂದು ಸಾಲು ನಮ್ಮ ಸಾವಿರಾರು ಮನೆಗಳ ಆದಾಯವನ್ನು ಏರಿಳಿಸಬಲ್ಲುದೆಂಬುದನ್ನು ನಾವು ಗಮನಿಸುವುದೇ ಇಲ್ಲ. ರೀಲರ್‌ಗಳ ಸಂಘ, ನೇಕಾರರ ಸಹಕಾರ ಸಂಘ, ರೈತ ಸಂಘಟನೆಗಳು ಒಂದೇ ವೇದಿಕೆಯಲ್ಲಿ ಕುಳಿತರೆ, ರಾಮನಗರದ ಹಿತವೂ ಬನಾರಸ್‌ನ ಹಿತವೂ ಒಂದಕ್ಕೊಂದು ಎದುರಾಗದಂತಹ ಸುಂಕದ ದರವೊಂದನ್ನು ಸರಕಾರದ ಮುಂದಿಡುವುದು ಅಸಾಧ್ಯವೇನಲ್ಲ. ನೂಲು ಬಿಚ್ಚುವ ಮನೆಯ ಮಗು ಶಾಲೆಗೆ ಹೋಗುವಂತೆ ನೋಡಿಕೊಳ್ಳಲು ಯಾವ ಅಂತಾರಾಷ್ಟ್ರೀಯ ಒಪ್ಪಂದವೂ ಬೇಕಾಗಿಲ್ಲ. ಅದನ್ನು ಮೊಹಲ್ಲಾದ ಹಿರಿಯರು ನಾಳೆಯಿಂದಲೇ ಆರಂಭಿಸಬಹುದು. ವಾಷಿಂಗ್ಟನ್ ಮತ್ತು ಬೀಜಿಂಗ್‌ನ ತೀರ್ಮಾನಗಳು ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ನಮ್ಮ ಕೈಯಲ್ಲಿರುವುದನ್ನು ಮಾಡಿ ಮುಗಿಸಿದ ಮೇಲಷ್ಟೇ ಆ ತೀರ್ಮಾನಗಳನ್ನು ಪ್ರಶ್ನಿಸುವ ನಮ್ಮ ದನಿಗೆ ತೂಕ ಬರುತ್ತದೆ.